ಸಿಡುಕು, ಒಂಟಿತನ ಮತ್ತು ಅಶ್ವಗಂಧ

ತಿಂಗಳುಗಟ್ಟಲೆ ಒತ್ತಡದಲ್ಲಿ ಬೇಯುವವರು ಮೊದಲು ದೂರವಾಗುವುದು ಜನರಿಂದ. ಫೋನ್ ಎತ್ತಲು ಬೇಸರ, ಮದುವೆ-ಮುಂಜಿ ತಪ್ಪಿಸಲು ನೆಪ, 'ಊಟ ಆಯ್ತಾ' ಎಂದು ಕೇಳಿದರೂ ಸಿಡುಕು. ಇದನ್ನು ದುರಹಂಕಾರ ಎನ್ನುವುದು ಅನ್ಯಾಯ. ಅಪಾಯ ಕಂಡಾಗ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸುರಿಸುತ್ತದೆ; ಒತ್ತಡ ನಿತ್ಯದ್ದಾದರೆ ಈ ಹಾರ್ಮೋನಿನ ಏರಿಳಿತ ಹದ ತಪ್ಪುತ್ತದೆ. ಮಿದುಳಿನಲ್ಲಿ ಭಯ ಗುರುತಿಸುವ ಅಮಿಗ್ಡಲ ಚುರುಕಾಗುತ್ತದೆ, ಅದಕ್ಕೆ ಲಗಾಮು ಹಾಕುವ ಮುಂಭಾಗ ಸೋಲುತ್ತದೆ. ಆಗ ಸುಮ್ಮನಿರುವ ಮುಖವೂ ಮುನಿದಂತೆ ಕಾಣುತ್ತದೆ.

ಇಂಥ ಒತ್ತಡಕ್ಕೆ ಹಲವರು ಹೇಳುವ ಮದ್ದು ಅಶ್ವಗಂಧ, ಅಂದರೆ ಹಿರೇಮದ್ದಿನ ಬೇರು. ಹೈದರಾಬಾದಿನ ವೈದ್ಯರು 64 ಜನರ ಮೇಲೆ ನಡೆಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಬೇರಿನ ಸಾರವನ್ನು ದಿನಕ್ಕೆರಡು ಬಾರಿ 300 ಮಿ.ಗ್ರಾಂ.ನಂತೆ 60 ದಿನ ಸೇವಿಸಿದವರಲ್ಲಿ ಕಾರ್ಟಿಸಾಲ್ ಸುಮಾರು ಶೇ 28ರಷ್ಟು ಇಳಿಯಿತು. ಅಧ್ಯಯನದಲ್ಲಿ ಬಳಸಿದ ಪ್ರಶ್ನಾವಳಿಯ 'ಸಾಮಾಜಿಕ ತೊಡಕು' ವಿಭಾಗದ ಅಂಕವೂ ಸುಧಾರಿಸಿತು. ಆದರೆ ಆ ವಿಭಾಗ ಮುಖ್ಯವಾಗಿ ಕೇಳುವುದು ದಿನದ ಕೆಲಸ ಸಾಗುತ್ತಿದೆಯೇ, ತೀರ್ಮಾನ ತೆಗೆದುಕೊಳ್ಳಲು ಆಗುತ್ತಿದೆಯೇ ಎಂಬುದನ್ನು. ಜನರೊಡನೆ ಬೆರೆಯುತ್ತೀರಾ ಎಂದಲ್ಲ. ಹಾಗಾಗಿ ಬೇರು ಉದ್ವೇಗ ತಗ್ಗಿಸಿ ನಿದ್ದೆಗೆ ನೆರವಾಗಬಹುದು. ಆದರೆ ಮುರಿದ ಮಾತುಕತೆಯನ್ನು ನಾವೇ ಮತ್ತೆ ಶುರು ಮಾಡಬೇಕು ಎಂಬುದು ನನ್ನ ನಿಲುವು.

ಆಯುರ್ವೇದದಲ್ಲಿ ಈ ಬೇರಿನ ಚೂರ್ಣದ ರೂಢಿಯ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ನೇರವಾಗಿ ಲೋಟಕ್ಕೆ ಸುರಿದರೆ ಗಂಟುಕಟ್ಟಿ ತೇಲುತ್ತದೆ. ಮೊದಲು ಎರಡು ಚಮಚ ಬೆಚ್ಚನೆಯ ಹಾಲಿನಲ್ಲಿ ಕಲಸಿ, ಆಮೇಲೆ ಉಳಿದ ಹಾಲು ಬೆರೆಸಿ ರಾತ್ರಿ ಕುಡಿಯಿರಿ. ಕಹಿ ಇರುತ್ತದೆ. ಕ್ಯಾಪ್ಸೂಲಿನಲ್ಲಿರುವುದು ಸಾಂದ್ರ ಸಾರ, ಅದನ್ನು ಚೂರ್ಣದ ಲೆಕ್ಕದಲ್ಲಿ ತೂಗಬೇಡಿ. ಲೇಬಲ್ಲಿನಲ್ಲಿ 'ಬೇರು' ಎಂದೇ ಇರಲಿ. ಎಲೆ ಬಳಸಬೇಡಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿದೆ. ಫಲ ಕಾಣಲು ವಾರಗಳು ಬೇಕು.

ಗರ್ಭಿಣಿಯರಿಗೆ ಇದು ಬೇಡ. ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ಅಥವಾ ನಿದ್ದೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ದಾಖಲಾಗಿವೆ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಿದ್ದೆ ಸ್ವಲ್ಪ ಸರಿಹೋದ ಮೇಲೆ ಹತ್ತಿರದವರೊಬ್ಬರಿಗೆ ಫೋನ್ ಮಾಡಿ. ದೊಡ್ಡ ಸಮಾರಂಭಗಳು ಆಮೇಲೆ. ಯಾರೂ ಬೇಡ, ಬದುಕೇ ಬೇಡ ಎನಿಸುತ್ತಿದ್ದರೆ ಮಾತ್ರ ಚೂರ್ಣವನ್ನು ನೆಚ್ಚಿ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.