ಆಟದ ದೋಣಿಗೆ ಎಷ್ಟು ದೊಡ್ಡ ಬ್ಯಾಟರಿ?

೧೮೯೮ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ಓಡಿಸಿ ತೋರಿಸಿದರು. ತಂತಿಯ ಹಂಗಿಲ್ಲದೆ, ರೇಡಿಯೋ ಅಲೆಗಳ ಆಜ್ಞೆಯಂತೆ ಅದು ತಿರುಗುತ್ತಿತ್ತು. ಅದರ ಹೊಟ್ಟೆಯಲ್ಲಿದ್ದುದು ಬ್ಯಾಟರಿ. ಆಮೇಲೆ ಮೋಟಾರು ಬದಲಾಯಿತು, ರೇಡಿಯೋ ಬದಲಾಯಿತು. ದೋಣಿ ಕಟ್ಟುವವರ ಒಂದು ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ: ಎಷ್ಟು ದೊಡ್ಡ ಬ್ಯಾಟರಿ ಹಾಕಬೇಕು?

ಆಟದ ಕಾರು ನಿಂತರೆ ನಡೆದು ಹೋಗಿ ಎತ್ತಿಕೊಂಡು ಬರಬಹುದು. ದೋಣಿ ನಿಲ್ಲುವುದು ಕೆರೆಯ ನಡುವೆ. ಅದನ್ನು ತರಲು ಹುಡುಗರು ನೀರಿಗಿಳಿದರೆ ಜೀವಕ್ಕೇ ಅಪಾಯ. ಆದ್ದರಿಂದ ಇದು ಬರಿಯ ಹವ್ಯಾಸದ ಲೆಕ್ಕವಲ್ಲ.

ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟ್. ನಲ್ಲಿಯಲ್ಲಿ ಎಷ್ಟು ಜೋರಾಗಿ ನೀರು ಬರುತ್ತದೆ ಎಂಬುದು ಆಂಪಿಯರ್. ಟ್ಯಾಂಕು ಎಷ್ಟು ನೀರು ಹಿಡಿಯುತ್ತದೆ ಎಂಬುದು ಬ್ಯಾಟರಿಯ ಧಾರಣಶಕ್ತಿ. ಇದನ್ನು ಮಿಲಿ ಆಂಪಿಯರ್ ಅವರ್‌ನಲ್ಲಿ ಹೇಳುತ್ತಾರೆ. ೪,೦೦೦ ಎಂದು ಬರೆದಿದ್ದರೆ ೪ ಆಂಪಿಯರ್‌ನಂತೆ ಒಂದು ಗಂಟೆ, ೪೦ ಆಂಪಿಯರ್‌ನಂತೆ ಆರು ನಿಮಿಷ ಎಂದರ್ಥ.

ಹಾಗಾದರೆ ದೋಣಿ ಎಷ್ಟು ಆಂಪಿಯರ್ ಎಳೆಯುತ್ತದೆಂದು ತಿಳಿಯುವುದು ಹೇಗೆ? ಮೋಟಾರನ್ನು ಮೇಜಿನ ಮೇಲೆ ತಿರುಗಿಸಿ ಅಳೆದರೆ ಪ್ರಯೋಜನವಿಲ್ಲ. ಗಾಳಿಯಲ್ಲಿ ಪ್ರೊಪೆಲ್ಲರಿಗೆ ಭಾರವೇ ಇಲ್ಲ. ಸುಲಭದ ದಾರಿಯೊಂದಿದೆ. ಪೂರ್ತಿ ತುಂಬಿದ ಬ್ಯಾಟರಿಯಿಂದ ದೋಣಿಯನ್ನು ದಡದ ಹತ್ತಿರವೇ ಸರಿಯಾಗಿ ಎರಡು ನಿಮಿಷ ಓಡಿಸಿ, ಮತ್ತೆ ಚಾರ್ಜರಿಗೆ ಹಾಕಬೇಕು. ಎಷ್ಟು ತುಂಬಿತು ಎಂಬುದನ್ನು ಇಂದಿನ ಚಾರ್ಜರುಗಳು ಅಂಕಿಯಲ್ಲಿ ತೋರಿಸುತ್ತವೆ. ೯೦೦ ಎಂದು ಬಂದರೆ ನಿಮಿಷಕ್ಕೆ ಸುಮಾರು ೪೫೦ ಖರ್ಚು. ಆರು ನಿಮಿಷದ ಓಟಕ್ಕೆ ೨,೭೦೦ ಬೇಕು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದು ಕೆಡುತ್ತದೆ. ಶೇಕಡಾ ೨೦ರಷ್ಟು ಉಳಿಸಬೇಕು. ೨,೭೦೦ನ್ನು ೦.೮ರಿಂದ ಭಾಗಿಸಿದರೆ ೩,೩೭೫. ಅಂಗಡಿಯಲ್ಲಿ ೩,೫೦೦ರದ್ದು ಕೇಳಿದರೆ ಸಾಕು.

ಇನ್ನೂ ದೊಡ್ಡದು ಹಾಕಿದರೆ ಒಳ್ಳೆಯದಲ್ಲವೇ? ಇಲ್ಲಿ ಆರ್ಕಿಮಿಡೀಸ್ ಅಡ್ಡ ಬರುತ್ತಾನೆ. ೩೦೦ ಗ್ರಾಂ ತೂಕ ಹೆಚ್ಚಾದರೆ ದೋಣಿ ಇನ್ನೂ ೩೦೦ ಮಿಲಿಲೀಟರ್ ನೀರನ್ನು ಪಕ್ಕಕ್ಕೆ ತಳ್ಳಿ ಆಳಕ್ಕೆ ಕೂರುತ್ತದೆ. ನೀರಿನ ಎಳೆತ ಹೆಚ್ಚುತ್ತದೆ, ಮೋಟಾರು ಹೆಚ್ಚು ಆಂಪಿಯರ್ ಬೇಡುತ್ತದೆ. ನೀರಿನ ಮೇಲೆ ಜಾರುತ್ತಾ ಓಡುವ ವೇಗದ ದೋಣಿಗೆ ಇದು ದೊಡ್ಡ ಪೆಟ್ಟು. ಬ್ಯಾಟರಿ ಇಮ್ಮಡಿಯಾದರೂ ಸಮಯ ಇಮ್ಮಡಿಯಾಗುವುದಿಲ್ಲ. ಆದರೆ ಹಡಗುಗಳನ್ನು ಎಳೆಯುವ ಟಗ್ ದೋಣಿಯ ಮಾದರಿಗೆ ಈ ಮಾತು ಅನ್ವಯಿಸದು. ಅದಕ್ಕೆ ನೀರಿನಲ್ಲಿ ಗಂಭೀರವಾಗಿ ಕೂರಲು ಭಾರವೇ ಬೇಕು. ಕಲ್ಲು, ಸೀಸ ತುಂಬುವ ಬದಲು ಸೀಸದ ಬ್ಯಾಟರಿಯನ್ನೇ ತಳದಲ್ಲಿಟ್ಟರೆ ಒಂದೇ ಏಟಿಗೆ ಎರಡು ಹಕ್ಕಿ.

ಬ್ಯಾಟರಿಯ ಮೇಲೆ ಕಾಣುವ 'ಸಿ' ಸಂಖ್ಯೆಯನ್ನೂ ಗಮನಿಸಬೇಕು. ೩,೫೦೦ರ ಬ್ಯಾಟರಿಗೆ ೩೦ ಸಿ ಎಂದಿದ್ದರೆ ೩.೫ರ ಮೂವತ್ತರಷ್ಟು, ಅಂದರೆ ೧೦೫ ಆಂಪಿಯರ್ ಕೊಡಬಲ್ಲದು ಎಂಬುದು ತಯಾರಕರ ಮಾತು. ಅದರಲ್ಲಿ ಅರ್ಧವನ್ನಷ್ಟೇ ನಂಬುವುದು ಜಾಣತನ. ಪ್ರೊಪೆಲ್ಲರಿಗೆ ಕೆರೆಯ ಹುಲ್ಲು ಸುತ್ತಿಕೊಂಡರೆ ಆಂಪಿಯರ್ ಥಟ್ಟನೆ ಏರುತ್ತದೆ. ಲಿಥಿಯಂ ಬ್ಯಾಟರಿ ಊದಿದರೆ ಮತ್ತೆ ಚಾರ್ಜ್ ಮಾಡಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಎಲ್ಲಕ್ಕಿಂತ ಅಗ್ಗದ ಉಪಕರಣ ಕೈಗಡಿಯಾರ. ಆರು ನಿಮಿಷದ ಲೆಕ್ಕವಿದ್ದರೆ ಐದಕ್ಕೇ ದೋಣಿಯನ್ನು ದಡಕ್ಕೆ ತಿರುಗಿಸಬೇಕು. ಆದರೂ ನಡುನೀರಿನಲ್ಲಿ ನಿಂತಿತೇ? ಗಾಳಿ ದಡಕ್ಕೆ ತರುವವರೆಗೆ ಕಾಯುವುದು, ಇಲ್ಲವೇ ಹಗ್ಗಕ್ಕೆ ಚೆಂಡು ಕಟ್ಟಿ ಎಸೆದು ಎಳೆದುಕೊಳ್ಳುವುದು. ದೋಣಿ ಹೋದರೆ ಇನ್ನೊಂದು ಕಟ್ಟಬಹುದು.