ನಲವತ್ತು ಮನೆಗಳ ಸಭೆ

ಬೆಂಗಳೂರಿನ ಕ್ರೈಸ್ತರೆಂದರೆ ಹೊರಗಿನವರ ಕಣ್ಣಿಗೆ ಬೀಳುವುದು ಶಿವಾಜಿನಗರದ ಬೆಸಿಲಿಕಾದ ಗೋಪುರ, ಕಾರ್ಪೊರೇಷನ್ ವೃತ್ತದ ಹಡ್ಸನ್ ದೇವಾಲಯದ ಕಲ್ಲುಗೋಡೆ. ಕನ್ನಡ ಕ್ರೈಸ್ತರ ದಿನನಿತ್ಯದ ಬದುಕು ಕಾಣಬೇಕಾದರೆ ಊರಂಚಿಗೆ ಹೋಗಬೇಕು. ಜಾಲಹಳ್ಳಿ, ಪೀಣ್ಯ, ಯಲಹಂಕ, ಕೆಂಗೇರಿ ಕಡೆಯ ಬಡಾವಣೆಗಳಲ್ಲಿ, ಕಿರಾಣಿ ಅಂಗಡಿಗೂ ನರ್ಸರಿ ಶಾಲೆಗೂ ನಡುವೆ ಒಂದು ಸಾಧಾರಣ ಕಟ್ಟಡ. ಮೇಲೊಂದು ಶಿಲುಬೆ, ಗೇಟಿನ ಪಕ್ಕ ಆರಾಧನೆಯ ವೇಳೆ ಬರೆದ ಬೋರ್ಡು. ಒಳಗೆ ನಲವತ್ತೋ ಐವತ್ತೋ ಮನೆಯವರು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರು ಶೇ 1.87ರಷ್ಟು. ಅವರಲ್ಲಿ ಕನ್ನಡದಲ್ಲೇ ಆರಾಧಿಸುವ ಪ್ರಾಟೆಸ್ಟೆಂಟರು ಇನ್ನೂ ಸಣ್ಣ ಪಾಲು. ಈ ಸಣ್ಣ ಸಭೆಗಳು ಉಳಿಸಿಕೊಂಡಿರುವುದು ಮಾತ್ರ ಸಣ್ಣದಲ್ಲ.

ಇವುಗಳಲ್ಲಿ ಹಲವು ಹುಟ್ಟಿದ್ದು ಕಾರ್ಖಾನೆಗಳ ನೆರಳಿನಲ್ಲಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಜಾಲಹಳ್ಳಿಯ ಎಚ್‌ಎಂಟಿ ಮತ್ತು ಬಿಇಎಲ್ ಬಂದವು. ತುಮಕೂರು, ಚಿಕ್ಕಬಳ್ಳಾಪುರ, ಹಾಸನ, ಮಂಗಳೂರು, ಧಾರವಾಡಗಳಿಂದ ಫಿಟ್ಟರು, ಟರ್ನರು, ನರ್ಸು, ಮೇಷ್ಟ್ರು ಆಗಿ ಬಂದ ಕ್ರೈಸ್ತ ಕುಟುಂಬಗಳು ಕ್ವಾರ್ಟರ್ಸ್ ಹಿಡಿದು ನೆಲೆಸಿದವು. ಪೇಟೆಯ ದೇವಾಲಯಕ್ಕೆ ಬಸ್ಸು ಹಿಡಿದು ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ. ಹಾಗಾಗಿ ಯಾರದೋ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆ ಶುರುವಾಗುತ್ತಿತ್ತು. ಮುಂದೆ ಶಾಲೆಯ ಕೊಠಡಿ, ಆಮೇಲೆ ಚೀಟಿ ಎತ್ತಿ, ಕಾಣಿಕೆ ಕೂಡಿಸಿ ಕೊಂಡ ಸೈಟು. ಕಟ್ಟಡ ಮುಗಿಯುವಷ್ಟರಲ್ಲಿ ಬುನಾದಿ ಹಾಕಿದವರು ನಿವೃತ್ತರಾಗಿರುತ್ತಿದ್ದರು.

ಇಂಥ ಸಭೆಯ ಒಂದೇ ಬೆಂಚಿನ ಮೇಲೆ ಕೂತವರ ಹಿನ್ನೆಲೆ ಕೆದಕಿದರೆ ಕರ್ನಾಟಕದ ಮಿಷನ್ ಚರಿತ್ರೆಯ ಮೂರು ಧಾರೆಗಳು ಸಿಗುತ್ತವೆ. ಚಿಕ್ಕಬಳ್ಳಾಪುರದವರ ಹಿರಿಯರು ಲಂಡನ್ ಮಿಷನ್ನಿನವರು. 1810ರಲ್ಲಿ ಬಳ್ಳಾರಿಗೆ ಬಂದು, ಇಡೀ ಸತ್ಯವೇದ (ಬೈಬಲ್) 1831ರಲ್ಲಿ ಕನ್ನಡದಲ್ಲಿ ಹೊರಬರಲು ದುಡಿದ ಜಾನ್ ಹ್ಯಾಂಡ್ಸ್ ಆ ಮಿಷನ್ನಿನವರೇ. ತುಮಕೂರು, ಹಾಸನ, ಮೈಸೂರಿನವರದು ವೆಸ್ಲಿಯನ್ ಪರಂಪರೆ. ಕರಾವಳಿಯವರದು, ಧಾರವಾಡದವರದು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್. ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟ, ಕಿಟೆಲರ ನಿಘಂಟು ಹುಟ್ಟಿದ ಮನೆತನ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಸ್ಥಾಪನೆಯಾದಾಗ ಬೇರೆ ಬೇರೆ ಪಂಗಡಗಳನ್ನು ಕೂಡಿಸುವ ಒಪ್ಪಂದ ಕಾಗದದ ಮೇಲೆ ಆಯಿತು. ಆ ಒಪ್ಪಂದ ಬದುಕಾಗಿ ಬೆಳೆದದ್ದು ಊರಂಚಿನ ಈ ಸಭೆಗಳಲ್ಲಿ ಎಂದು ನನ್ನ ನಂಬಿಕೆ. ಹಳೇ ಮೈಸೂರಿನವರಿಗೆ ತಾಳ ಹಾಕಿ ಹಾಡುವ ಕೀರ್ತನೆ ಬೇಕು. ಬಾಸೆಲ್ ಕಡೆಯವರಿಗೆ ಎದ್ದು ನಿಂತು ನಾಲ್ಕು ಸ್ವರಗಳಲ್ಲಿ ಹಾಡುವ ಜರ್ಮನ್ ಮಟ್ಟು ಬೇಕು. ಮನೆಯಲ್ಲಿ ತುಳು ಆಡುವವರು, ಧಾರವಾಡದ ಮಾತಿನವರು, ಕೋಲಾರದ ಕಡೆಯಿಂದ ತೆಲುಗು ಬೆರೆಸಿಕೊಂಡು ಬಂದವರು ಎಲ್ಲರೂ ಪುಸ್ತಕದ ಕನ್ನಡದಲ್ಲಿ ಒಂದಾಗಿ ಹೇಳುವ ಪಾಪನಿವೇದನೆ ಕೇಳಬೇಕು. ಒಬ್ಬೊಬ್ಬರ ಬಾಯಲ್ಲೂ ಅವರವರ ಊರಿನ ರಾಗ ಉಳಿದಿರುತ್ತದೆ.

ಸಿಎಸ್‌ಐ 1950ರಲ್ಲಿ ರೂಪಿಸಿದ ಪವಿತ್ರ ಸಂಸ್ಕಾರದ ಕ್ರಮ ಲೋಕದ ಬೇರೆ ಸಭೆಗಳಿಗೂ ಮಾದರಿಯಾಯಿತು. ಅದರಲ್ಲಿ ಸಮಾಧಾನ ಹಂಚುವ ಒಂದು ಘಟ್ಟವಿದೆ. ಸಭಾಪಾಲಕರು ಹಿರಿಯರ ಜೋಡಿಸಿದ ಕೈಗಳನ್ನು ತಮ್ಮ ಎರಡೂ ಅಂಗೈಗಳಲ್ಲಿ ಹಿಡಿಯುತ್ತಾರೆ. ಹಿರಿಯರು ಪಕ್ಕದವರದು, ಪಕ್ಕದವರು ಹಿಂದಿನ ಸಾಲಿನವರದು. ದೊಡ್ಡ ದೇವಾಲಯದಲ್ಲಿ ಹೆಸರೂ ಗೊತ್ತಿಲ್ಲದವರ ಕೈ ಹಿಡಿದು ಬಿಡಬಹುದು. ನಲವತ್ತು ಮನೆಗಳ ಸಭೆಯಲ್ಲಿ ಹಾಗಾಗದು. ಕಳೆದ ವಾರ ಲೆಕ್ಕಪತ್ರದ ಮೀಟಿಂಗಿನಲ್ಲಿ ಯಾರ ಮೇಲೆ ದನಿ ಎತ್ತಿದ್ದರೋ ಅವರದೇ ಕೈ ಎದುರಿಗೆ ಬರುತ್ತದೆ. ಹಿಡಿಯಲೇಬೇಕು.

ಜಗಳಗಳಿಗೇನೂ ಕಡಿಮೆಯಿಲ್ಲ. ಕಮಿಟಿ ಚುನಾವಣೆ ಬಂದರೆ ಬೀಗರ ನಡುವೆಯೂ ಮಾತು ನಿಲ್ಲುತ್ತದೆ. ಹಳೆಯ ಹಾರ್ಮೋನಿಯಂ ಇರಲೋ ಹೊಸ ಕೀಬೋರ್ಡ್ ಬರಲೋ ಎಂಬ ಚರ್ಚೆ ವರ್ಷಗಟ್ಟಲೆ ಎಳೆಯುತ್ತದೆ. ಸಭಾಪಾಲಕ ಅಯ್ಯನವರಿಗೆ ವರ್ಗವಾದರೆ ಅರ್ಧ ಜನ ಅಳುತ್ತಾರೆ, ಇನ್ನರ್ಧ ಜನ ಸಭಾಪ್ರಾಂತಕ್ಕೆ (ಡಯಾಸಿಸ್) ಬರೆದ ಪತ್ರ ಫಲಿಸಿತೆಂದು ಸುಮ್ಮನಾಗುತ್ತಾರೆ. ಸಿಎಸ್‌ಐ 1976ರಿಂದ ಹೆಂಗಸರಿಗೂ ಗುರುದೀಕ್ಷೆ ಕೊಡುತ್ತಿದ್ದರೂ, ಮಹಿಳೆಯೊಬ್ಬರು ಸಭಾಪಾಲಕರಾಗಿ ಬಂದಾಗ ಹುಬ್ಬೇರಿಸುವವರು ಇಂದಿಗೂ ಇದ್ದಾರೆ. ಅದು ಸರಿಯಲ್ಲ. ಸಭೆಯ ಕೆಲಸದ ದೊಡ್ಡ ಪಾಲನ್ನು ಹೊತ್ತವರು ಸ್ತ್ರೀಯರೇ. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಡಯಾಲಿಸಿಸ್ ನಡೆಯುತ್ತಿದೆ, ಯಾವ ಮಗುವಿನ ಫೀಸು ಬಾಕಿ ಎಂಬುದು ಕಮಿಟಿಯ ಕಡತದಲ್ಲಿರುವುದಿಲ್ಲ, ಹೆಂಗಸರ ಕೂಟಕ್ಕೆ ಗೊತ್ತಿರುತ್ತದೆ.

ಸಣ್ಣ ಸಭೆಯ ಸ್ವಭಾವ ತಿಳಿಯಲು ಬೆಳೆ ಹಬ್ಬಕ್ಕಿಂತ ಒಳ್ಳೆಯ ದಿನವಿಲ್ಲ. ಹೊಲ ಬಿಟ್ಟು ಒಂದು ತಲೆಮಾರು ಕಳೆದ ಜನ ಆ ಭಾನುವಾರ ಮಾತ್ರ ರೈತರಾಗುತ್ತಾರೆ. ಬಲಿಪೀಠದ ಮುಂದೆ ಕಬ್ಬಿನ ಜಲ್ಲೆ, ಬಾಳೆಗೊನೆ, ರಾಗಿ ತೆನೆ, ಕಾಲು ಕಟ್ಟಿದ ಹುಂಜ, ಟೆರೇಸಿನ ಕುಂಡದಲ್ಲಿ ಬೆಳೆದ ನಾಲ್ಕು ಬದನೆಕಾಯಿ, ಡಬ್ಬಿಯಲ್ಲಿ ಮಾವಿನ ಉಪ್ಪಿನಕಾಯಿ, ಮನೆಯಲ್ಲಿ ಬೇಯಿಸಿದ ಕೇಕು. ಆರಾಧನೆ ಮುಗಿದು ಶಾಮಿಯಾನದ ಕೆಳಗೆ ಹರಾಜು ಶುರುವಾದರೆ ಅಂಗಳದ ಚಹರೆಯೇ ಬದಲಾಗುತ್ತದೆ. ಮಾರುಕಟ್ಟೆಯಲ್ಲಿ ಐವತ್ತು ರೂಪಾಯಿಯ ಕುಂಬಳಕಾಯಿ ಸಾವಿರಕ್ಕೆ ಹೋಗುತ್ತದೆ. ಗೆದ್ದವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಇನ್ನೊಮ್ಮೆ ಕೂಗುತ್ತಾರೆ. ಅದೇ ಕುಂಬಳಕಾಯಿ ನಾಲ್ಕು ಸಲ ಮಾರಾಟವಾಗಿ ಕಡೆಗೆ ಕಟ್ಟಡದ ಸುಣ್ಣಬಣ್ಣದ ಖರ್ಚನ್ನು ಅರ್ಧ ತೀರಿಸುತ್ತದೆ. ಪಿಂಚಣಿಯಲ್ಲಿ ಬದುಕುವ ಹಿರಿಯರೊಬ್ಬರು ಇಪ್ಪತ್ತು ರೂಪಾಯಿಗೆ ಕೊತ್ತಂಬರಿ ಕಟ್ಟು ಕೂಗಿದರೆ ಅವರ ಮೇಲೆ ಯಾರೂ ಏರಿಸಿ ಕೂಗುವುದಿಲ್ಲ. ಹೀಗೆಂದು ಯಾರೂ ನಿಯಮ ಮಾಡಿಲ್ಲ, ಎಲ್ಲರಿಗೂ ಗೊತ್ತಿದೆ. ಪಕ್ಕದ ಬೀದಿಯ ಹಿಂದೂ, ಮುಸ್ಲಿಂ ಮನೆಯವರೂ ಬಂದು ಬಿರಿಯಾನಿ ಪಾರ್ಸೆಲ್ ಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಅವರ ಮನೆಗಳಿಗೆ ಕಜ್ಜಾಯ, ಕರ್ಜಿಕಾಯಿಯ ತಟ್ಟೆ ಹೋಗುತ್ತದೆ. ಅವರ ಹಬ್ಬಗಳಲ್ಲಿ ಆ ತಟ್ಟೆ ತುಂಬಿಯೇ ಹಿಂತಿರುಗುತ್ತದೆ.

ಸಾವು ಬಂದಾಗ ಈ ಸಭೆಯ ಶಕ್ತಿಯೂ ಕೊರತೆಯೂ ಒಟ್ಟಿಗೆ ಕಾಣುತ್ತವೆ. ತಾಸಿನೊಳಗೆ ಹುಡುಗರು ಕುರ್ಚಿ ಹೊತ್ತು ತರುತ್ತಾರೆ, ಸಾವಿನ ಮನೆಯಲ್ಲಿ ಒಲೆ ಹಚ್ಚದಂತೆ ಊಟ ಬರುತ್ತದೆ, ಹಾಡುವವರು ರಾತ್ರಿಯಿಡೀ ಕೂರುತ್ತಾರೆ. ಆದರೆ ಹೂಳಲು ಜಾಗವೆಲ್ಲಿ? ಬಹುಪಾಲು ಹೊಸ ಸಭೆಗಳಿಗೆ ಸ್ವಂತ ಸಮಾಧಿ ಸ್ಥಳವಿಲ್ಲ. ನಗರದ ಹಳೆಯ ಸ್ಮಶಾನಗಳು ತುಂಬಿವೆ. ತಂದೆಯ ಸಮಾಧಿಯನ್ನೇ ತೆರೆದು ತಾಯಿಯನ್ನು ಇಡಬೇಕಾಗುತ್ತದೆ. ಬಡಾವಣೆಗಳ ನಕ್ಷೆಯಲ್ಲಿ ಪಾರ್ಕಿಗೆ, ವಾಣಿಜ್ಯ ಸಂಕೀರ್ಣಕ್ಕೆ ಜಾಗ ಗುರುತಿಸುವವರು ಸತ್ತವರನ್ನೂ ನೆನೆಯಬೇಕು.

ನನಗೆ ಇದಕ್ಕಿಂತ ಹೆಚ್ಚು ಆತಂಕ ತರುವುದು ಭಾಷೆಯ ಸಂಗತಿ. ಕ್ವಯರಿನ ಮಕ್ಕಳ ಕೈಯಲ್ಲಿರುವ ಹಾಳೆ ನೋಡಿ: ಕನ್ನಡದ ಹಾಡನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾರೆ. ಚೆನ್ನಾಗಿಯೇ ಹಾಡುತ್ತಾರೆ. ಆದರೆ ವೇದಪಾಠ ಓದಲು ಕರೆದರೆ ಹಿಂಜರಿಯುತ್ತಾರೆ. ಸತ್ಯವೇದದ ಕನ್ನಡ ಅವರಿಗೆ ದೂರದ ನೆಂಟನಂತೆ. ಅವರನ್ನು ಹಿಡಿದಿಡಲೆಂದು ಇಂಗ್ಲಿಷ್ ಆರಾಧನೆ ಶುರುವಾಗುತ್ತದೆ, ಅದಕ್ಕೆ ಅನುಕೂಲದ ವೇಳೆ ಸಿಗುತ್ತದೆ, ಕನ್ನಡ ಆರಾಧನೆ ಬೆಳಗಿನ ಏಳಕ್ಕೆ ಸರಿದು ಅಜ್ಜ ಅಜ್ಜಿಯರ ಪಾಲಾಗುತ್ತದೆ. ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಕೊಟ್ಟ ಕಿಟೆಲರಿಗೆ ನಗರದಲ್ಲಿ ಪ್ರತಿಮೆ ನಿಲ್ಲಿಸಿದ್ದೇವೆ, ಸಂತೋಷ. ಅವರು ಕನ್ನಡ ಛಂದಸ್ಸಿನಲ್ಲಿ ಕ್ರಿಸ್ತನ ಕಥೆ ಹೇಳಿ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯನ್ನು ಓದಬಲ್ಲ ಹುಡುಗರು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ?

ಇದನ್ನು ಸರಿಪಡಿಸಲು ಸಭಾಪ್ರಾಂತದ ಠರಾವಿಗೆ ಕಾಯಬೇಕಿಲ್ಲ, ಹಣವೂ ಬೇಕಿಲ್ಲ. ಭಾನುವಾರ ಶಾಲೆಯಲ್ಲಿ ಕತೆಯ ಜೊತೆ ಅರ್ಧ ಗಂಟೆ ಅಕ್ಷರ ಕಲಿಸಿ. ನಿವೃತ್ತ ಮೇಷ್ಟ್ರುಗಳು ಪ್ರತಿ ಸಭೆಯಲ್ಲೂ ಇದ್ದಾರೆ, ಕೇಳಿದರೆ ಬೇಡವೆನ್ನುವವರಲ್ಲ. ತಿಂಗಳಿಗೊಂದು ಭಾನುವಾರ ವೇದಪಾಠವನ್ನು ಮಕ್ಕಳಿಂದಲೇ ಓದಿಸಿ; ತಡವರಿಸಿದರೆ ಕಾಯಿರಿ. ಕನ್ನಡ ಆರಾಧನೆಯನ್ನು ಅನುಕೂಲದ ವೇಳೆಗೆ ಮರಳಿ ತನ್ನಿ.