ತತ್ತಿ ಇಡುವ ಹೇಂಟೆಯ ಬೇನೆಗಳೂ ಅವುಗಳ ಆರೈಕೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಸೀಮೆಗಳಲ್ಲಿ ಹೊಲವು ಗಂಡಸಿನ ಹೆಸರಿನಲ್ಲಿದ್ದರೂ ಅಂಗಳದ ಕೋಳಿಯು ಸಾಧಾರಣವಾಗಿ ಮನೆಯ ಹೆಣ್ಣುಮಕ್ಕಳ ಸೊತ್ತಾಗಿರುವದು. ಮಳೆ ತಪ್ಪಿದ ವರ್ಷದಲ್ಲಿ ಕೂಲಿಯವರ ಮನೆಗೆ ವಾರದ ಸಂತೆಯ ಉಪ್ಪು, ಎಣ್ಣೆ, ಹುಡುಗರ ಪಾಟಿ-ಪುಸ್ತಕಗಳು ತತ್ತಿ ಮಾರಿದ ಹಣದಿಂದಲೇ ಬರುವದುಂಟು. ನಾಲ್ಕು ಹೇಂಟೆಗಳಿರುವ ಮನೆಯಲ್ಲಿ ಒಂದು ಸತ್ತರೆ ಆ ಉತ್ಪನ್ನದ ಕಾಲು ಪಾಲು ಹೋಯಿತೆಂದೇ ತಿಳಿಯಬೇಕು.

ಹೀಗಿದ್ದರೂ ಹೇಂಟೆಯು ಬಾಲವನ್ನು ಇಳಿಬಿಟ್ಟು ಮೂಲೆ ಹಿಡಿದು ನಿಂತರೆ, ದೃಷ್ಟಿ ತಾಕಿತೆಂದು ಸುಮ್ಮನಿರುವದು, ಇಲ್ಲವೆ ಸಾಯುವ ಮೊದಲೇ ಕೊಯ್ದುಬಿಡುವದು, ಇವೆರಡೇ ಹಲವೆಡೆ ರೂಢಿಯಲ್ಲಿವೆ. ಇಂಥ ಹೇಂಟೆಗಳಲ್ಲಿ ಕೆಲವನ್ನು ಬೆಚ್ಚಗಿನ ನೀರು, ಸ್ವಲ್ಪ ಎಣ್ಣೆ ಹಾಗೂ ಗದ್ದಲವಿಲ್ಲದ ಸ್ಥಳ, ಇಷ್ಟರಿಂದಲೇ ಉಳಿಸಬಹುದು. ಬೇನೆ ಬರದಂತೆ ತಡೆಯುವ ಉಪಾಯವಂತೂ ಇದಕ್ಕಿಂತಲೂ ಸುಲಭವಾದದ್ದು.

ತತ್ತಿಯು ಸಿದ್ಧವಾಗುವ ಬಗೆ

ಹೇಂಟೆಯಲ್ಲಿ ಎಡಗಡೆಯ ಅಂಡಾಶಯ ಹಾಗೂ ಎಡಗಡೆಯ ತತ್ತಿಯ ನಾಳ ಮಾತ್ರ ಕೆಲಸ ಮಾಡುವವು. ಅಂಡಾಶಯದಿಂದ ಕಳಚಿದ ಹಳದಿಯನ್ನು ನಾಳದ ಆಲಿಕೆಯಂಥ ಬಾಯಿಯು ಹಿಡಿದುಕೊಳ್ಳುವದು. ತರುವಾಯ ಅದಕ್ಕೆ ಸುಮಾರು 3 ತಾಸು ಬಿಳಿ ಲೋಳೆಯೂ, ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಳುವಾದ ಪೊರೆಗಳೂ, ಕಡೆಗೆ ಸುಮಾರು 20 ತಾಸು ಚಿಪ್ಪೂ ಕೂಡುವವು. ಹೀಗೆ ಒಂದು ತತ್ತಿಗೆ 24ರಿಂದ 26 ತಾಸು ಹಿಡಿಯುವದು.

ಒಂದು ಚಿಪ್ಪಿನಲ್ಲಿ ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶವು ಸುಮಾರು 2 ಗ್ರಾಂ ಇರುವದು. ಆದರೆ 100 ಗ್ರಾಂ ಜೋಳದಲ್ಲಿ ಅದು ಸುಮಾರು 25 ಮಿಲಿಗ್ರಾಂ ಮಾತ್ರ. ಅಂದರೆ ಒಂದು ಚಿಪ್ಪಿಗೆ ಬೇಕಾದುದರ 80ನೆಯ ಒಂದು ಪಾಲು. ಧಾನ್ಯಗಳಲ್ಲಿ ಸುಣ್ಣದ ಅಂಶಕ್ಕೆ ಹೆಸರಾದ ರಾಗಿಯಲ್ಲಿಯೂ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಮೇ ಇರುವದು. ಕೊರತೆಯನ್ನು ಹೇಂಟೆಯು ತನ್ನ ಎಲುಬುಗಳಿಂದಲೇ ತುಂಬಿಕೊಳ್ಳುವದು. ತಿರುಗಾಡಿ ಮೇಯುವ ನಾಡಕೋಳಿಯು ಕಡಿಮೆ ತತ್ತಿ ಇಡುವದರಿಂದ ಹುಳು, ಸೊಪ್ಪು ಹಾಗೂ ಕರಿಮಣ್ಣಿನೊಳಗಿನ ಸುಣ್ಣದ ಹರಳುಗಳಿಂದ ಹೇಗೋ ನಿಭಾಯಿಸುವದು. ಗಿರಿರಾಜ, ಸ್ವರ್ಣಧಾರಾ ಮುಂತಾದ ಸುಧಾರಿಸಿದ ತಳಿಗಳು ಅದಕ್ಕಿಂತ ಹೆಚ್ಚು ತತ್ತಿ ಇಡುವದರಿಂದ ಅವುಗಳಲ್ಲಿ ಈ ಕೊರತೆಯು ಬೇಗ ಕಾಣಿಸಿಕೊಳ್ಳುವದು.

ಸುಣ್ಣದ ಅಂಶವು ಚಿಪ್ಪಿಗಷ್ಟೇ ಬೇಕೆಂದು ತಿಳಿಯಬಾರದು. ತತ್ತಿಯನ್ನು ಹೊರಗೆ ನೂಕುವ ನಾಳದ ಸ್ನಾಯುಗಳಿಗೂ ಅದೇ ಬಲವು. ಅದು ಸಾಲದಾದಾಗ ಚಿಪ್ಪು ಮೆತ್ತಗಾಗುವದು, ನಾಳವೂ ಸೋಲುವದು. ತತ್ತಿಯು ಒಳಗೇ ನಿಲ್ಲುವದು.

ತತ್ತಿ ಸಿಕ್ಕಿಕೊಂಡ ಹೇಂಟೆ

ಇಂಥ ಹೇಂಟೆಯು ಮೇಲಿಂದ ಮೇಲೆ ಗೂಡಿಗೆ ಹೋಗಿ ಬರಿದೇ ಹಿಂದಿರುಗುವದು, ಮುಕ್ಕುವದು, ಕಾಲಗಲಿಸಿ ನೆಟ್ಟಗೆ ನಿಲ್ಲುವದು, ಮೇವು ಬಿಡುವದು. ಕಾವಿಗೆ ಕೂತ ಹೇಂಟೆಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಕಾವಿನ ಹೇಂಟೆಯು ಗೂಡು ಬಿಟ್ಟು ಏಳುವದಿಲ್ಲ, ಕೈ ಚಾಚಿದರೆ ಮೈಯುಬ್ಬಿಸಿ ಕುಕ್ಕುವದು, ಅದರ ಕಣ್ಣು ಚುರುಕಾಗಿರುವದು. ಸಂಶಯವಿದ್ದರೆ ಉಗುರು ಕತ್ತರಿಸಿದ ಬೆರಳನ್ನು ತೊಳೆದು ಎಣ್ಣೆ ಹಚ್ಚಿ ದ್ವಾರದೊಳಗೆ ಮೆಲ್ಲಗೆ ಇಟ್ಟು ನೋಡಬೇಕು. ತತ್ತಿಯು ಹತ್ತಿರದಲ್ಲಿದ್ದರೆ ಬೆರಳಿಗೆ ತಗಲುವದು.

ಅಗಲವಾದ ಬೋಗುಣಿಯಲ್ಲಿ ಮೊಣಕೈಗೆ ಹಿತವೆನಿಸುವಷ್ಟು ಬೆಚ್ಚಗಿನ ನೀರನ್ನು ಹಾಕಿ, ಹೊಟ್ಟೆಯೂ ದ್ವಾರವೂ ಮುಳುಗುವಂತೆ ಹೇಂಟೆಯನ್ನು 20ರಿಂದ 30 ನಿಮಿಷ ಕೂಡಿಸಬೇಕು. ತರುವಾಯ ಒರೆಸಿ, ದ್ವಾರಕ್ಕೆ ಕುಸುಬಿ ಇಲ್ಲವೆ ಶೇಂಗಾ ಎಣ್ಣೆ ಸವರಿ, ಒಣಗಿದ ಹೊಟ್ಟು ಹಾಸಿದ ಬುಟ್ಟಿಯಲ್ಲಿ ಮಬ್ಬುಗತ್ತಲೆಯಿರುವ ಬೆಚ್ಚಗಿನ ಸ್ಥಳದಲ್ಲಿಡಬೇಕು. ಕುಡಿಯಲು ನೀರು ಸದಾ ಹತ್ತಿರವಿರಬೇಕು. ಕೆಲವು ತಾಸುಗಳ ನಂತರ ಇದನ್ನೇ ಮತ್ತೊಮ್ಮೆ ಮಾಡಬಹುದು. ಈ ಸೀಮೆಯ ಬೇಸಿಗೆಯಲ್ಲಿ ಸೆಕೆಯು 40 ಡಿಗ್ರಿ ಮೀರಿದಾಗ ನಡುಹಗಲಿನಲ್ಲಿ ಈ ಉಪಚಾರ ಬೇಡ. ಬಾಯಿ ತೆರೆದು ತೇಕುವ ಹೇಂಟೆಯನ್ನು ಮೊದಲು ನೆರಳಿನಲ್ಲಿ ತಂಪುಗೊಳಿಸಿ, ಮುಂಜಾನೆ ಇಲ್ಲವೆ ಸಂಜೆ ನೀರಿನಲ್ಲಿ ಕೂಡಿಸತಕ್ಕದ್ದು.

ಹೊಟ್ಟೆಯನ್ನು ಹಿಸುಕುವದು, ತತ್ತಿಯನ್ನು ಎಳೆಯುವದು, ಒಳಗೇ ಒಡೆಯುವದು ಸರ್ವಥಾ ಕೂಡದು. ಚಿಪ್ಪಿನ ಚೂರುಗಳು ನಾಳವನ್ನು ಸೀಳಿ ಕೀವಿಗೆ ಕಾರಣವಾಗುವವು. ಒಂದು ದಿನದೊಳಗೆ ತತ್ತಿ ಬೀಳದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಕ್ಯಾಲ್ಸಿಯಂ ಮುಂತಾದ ಔಷಧಗಳನ್ನು ಅವರೇ ಅಳತೆಯರಿತು ಕೊಡುವರು. ತಡಮಾಡಿದರೆ ಹೇಂಟೆಯು ಉಳಿಯುವದು ಕಠಿಣ.

ನಾಳವು ಹೊರಬಿದ್ದಾಗ

ಅತಿಯಾಗಿ ಮುಕ್ಕುವದರಿಂದ, ತತ್ತಿಯು ಗಾತ್ರದಲ್ಲಿ ದೊಡ್ಡದಾದುದರಿಂದ ಅಥವಾ ಹೇಂಟೆಗೆ ಕೊಬ್ಬು ಏರಿದುದರಿಂದ ನಾಳದ ಕೆಂಪು ಮಾಂಸವು ಹೊರಗೆ ಬೀಳುವದುಂಟು. ಕೆಂಪು ಕಂಡೊಡನೆ ಉಳಿದ ಕೋಳಿಗಳು ಕುಕ್ಕಿ ಕರುಳನ್ನೇ ಎಳೆದುಬಿಡುವವು. ಆದಕಾರಣ ಮೊದಲು ಅದನ್ನು ಬೇರೆ ಮಾಡಬೇಕು. ಕಾಯಿಸಿ ಆರಿಸಿದ ಒಂದು ಲೀಟರ ನೀರಿಗೆ ಒಂದೂವರೆ ಚಹಾ ಚಮಚ ಉಪ್ಪು ಬೆರೆಸಿ ಅದರಿಂದ ತೊಳೆಯಬೇಕು. ಬಾವು ಹೆಚ್ಚಿದ್ದರೆ ಸಕ್ಕರೆ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ನೀರು ಸೋರಿ ಬಾವು ಇಳಿಯುವದು. ಮತ್ತೆ ತೊಳೆದು, ಎಣ್ಣೆ ಹಚ್ಚಿದ ಸ್ವಚ್ಛ ಬೆರಳುಗಳಿಂದ ಮೆಲ್ಲಗೆ ಒಳಗೆ ಸೇರಿಸಬೇಕು. ಕೆಲವು ದಿನ ಬೆಳಕು ಕಡಿಮೆಯಿರುವಲ್ಲಿ ಇಟ್ಟರೆ ತತ್ತಿ ಇಡುವದು ನಿಂತು ನಾಳಕ್ಕೆ ವಿಶ್ರಾಂತಿ ದೊರೆಯುವದು. ಮಾಂಸವು ಕಪ್ಪಾಗಿದ್ದರೆ, ಹರಿದಿದ್ದರೆ, ಅಥವಾ ಮತ್ತೆ ಮತ್ತೆ ಹೊರಬಿದ್ದರೆ ವೈದ್ಯರ ಹೊರತು ಉಪಾಯವಿಲ್ಲ.

ಹಳದಿಯು ಹೊಟ್ಟೆಯೊಳಗೆ ಬಿದ್ದಾಗ

ನಾಳದ ಬಾಯಿಗೆ ಸಿಗದೆ ಹಳದಿಯು ಹೊಟ್ಟೆಯೊಳಗೆ ಬಿದ್ದು ಕೆಡುವದೂ ಉಂಟು. ಆಗ ತತ್ತಿ ನಿಲ್ಲುವದು, ಹೊಟ್ಟೆಯು ನೀರು ತುಂಬಿದ ಚೀಲದಂತೆ ಜೋಲುವದು, ಎದೆಯ ಎಲುಬು ಕೂರಾಗುವದು. ಇದಕ್ಕೆ ಮನೆಯ ಮದ್ದಿಲ್ಲ. ವೈದ್ಯರ ಔಷಧದಿಂದಲೂ ಗುಣವಾಗುವವು ಕೆಲವೇ. ಗುಣವಾಗದೆಂದು ವೈದ್ಯರು ಹೇಳಿದ ಮೇಲೆ ಹೇಂಟೆಯನ್ನು ವಾರಗಟ್ಟಲೆ ನರಳಿಸದೆ ನೋವಿಲ್ಲದಂತೆ ಕೊನೆಗಾಣಿಸುವದೇ ದಯೆ. ಅದರ ಮಾಂಸವನ್ನು ತಿನ್ನಬಾರದು, ಆಳವಾಗಿ ಹುಗಿಯಬೇಕು. ಔಷಧ ಪಡೆದ ಹೇಂಟೆಯ ತತ್ತಿಯನ್ನು ವೈದ್ಯರು ಹೇಳಿದ ದಿನಗಳ ವರೆಗೆ ತಿನ್ನಲೂ ಮಾರಲೂ ಕೂಡದು. ರೋಗದ ಕೋಳಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಒಂದು ಹೇಂಟೆಯೋ, ಇಡೀ ಹಿಂಡೋ?

ಮೇಲಿನವು ಒಂಟಿ ಹೇಂಟೆಯ ಬೇನೆಗಳು. ಒಂದೇ ಸಮಯದಲ್ಲಿ ಅನೇಕ ಹೇಂಟೆಗಳು ಮೆತ್ತಗಿನ, ಸೊಟ್ಟಗಿನ ತತ್ತಿ ಇಡತೊಡಗಿ, ಉಬ್ಬಸ, ಹಸಿರು ಹಿಕ್ಕೆ, ಕತ್ತು ತಿರುಚುವಿಕೆ ಕಂಡರೆ ರಾಣಿಖೇತ ರೋಗವೆಂದು ಶಂಕಿಸಬೇಕು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲಂಡದ ನ್ಯೂಕ್ಯಾಸಲ್ಲಿನಲ್ಲಿಯೂ ಕಂಡ ಈ ರೋಗಕ್ಕೆ ನಮ್ಮ ದೇಶದಲ್ಲಿ ಕುಮಾಊಂ ಬೆಟ್ಟಗಳ ರಾಣಿಖೇತ ಊರಿನ ಹೆಸರು ಬಂದಿದೆ. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷೆ. ಕೋಳಿಗಳು ಫಕ್ಕನೆ ಗುಂಪಾಗಿ ಸತ್ತರೆ ಮುಟ್ಟದೆ, ಮಾರದೆ, ಕೂಡಲೇ ಪಶು ದವಾಖಾನೆಗೆ ತಿಳಿಸಬೇಕು. ಸರಕಾರದ ಸಂಚಾರಿ ಪಶುಚಿಕಿತ್ಸೆಗೆ ದೂರವಾಣಿ ಸಂಖ್ಯೆ 1962.

ಬೇನೆ ಬರದಂತೆ ಮಾಡತಕ್ಕದ್ದು

ತಿಂದು ಬಿಟ್ಟ ತತ್ತಿಯ ಚಿಪ್ಪುಗಳನ್ನು ತೊಳೆದು, ಹಂಚಿನ ಮೇಲೆ ಚೆನ್ನಾಗಿ ಹುರಿದು, ಜೋಳದ ಕಾಳಿನಷ್ಟು ಚೂರು ಮಾಡಿ ಬೇರೆ ಪರಟೆಯಲ್ಲಿಡಬೇಕು. ಸುಣ್ಣಕಲ್ಲಿನ ಅಷ್ಟೇ ಗಾತ್ರದ ಚೂರುಗಳೂ ಆಗುವವು. ತಾಳಿಕೋಟಿಯ ಕಡೆಯವರಿಗೆ ಈ ಕಲ್ಲು ಊರ ಬಳಿಯಲ್ಲೇ ಇದೆ. ಇಂಥ ಚೂರು ರಾತ್ರಿಯೆಲ್ಲ ಮೆಲ್ಲಗೆ ಕರಗುವದು. ಚಿಪ್ಪು ಕಟ್ಟುವ ಹೊತ್ತೂ ಹೆಚ್ಚಾಗಿ ಅದೇ. ಸುಟ್ಟ ಸುಣ್ಣವನ್ನಾಗಲಿ, ಎಲೆಗೆ ಹಚ್ಚುವ ಸುಣ್ಣವನ್ನಾಗಲಿ ಕೊಡಬಾರದು, ಬಾಯಿ-ಗಂಟಲು ಸುಡುವವು. ಮರಿಗಳಿಗೆ ಹೆಚ್ಚಿನ ಸುಣ್ಣವು ಅಪಾಯಕರವಾದ್ದರಿಂದ ಚೂರನ್ನು ಮೇವಿನಲ್ಲಿ ಬೆರೆಸಬಾರದು. ಬರಿಯ ಕಾಳಿನ ಬದಲು ಶೇಂಗಾ ಹಿಂಡಿಯನ್ನೂ ಸೊಪ್ಪನ್ನೂ ಕೊಡಬೇಕು. ಬೂಸು ಹಿಡಿದ ಹಿಂಡಿ ವಿಷವು. ದಿನವೂ ಬಿಸಿಲು ತಗಲಬೇಕು, ಏಕೆಂದರೆ ಸುಣ್ಣದ ಅಂಶವನ್ನು ಮೈಗೂಡಿಸುವ ಡಿ ಜೀವಸತ್ವವು ಬಿಸಿಲಿನಿಂದಲೇ ಹುಟ್ಟುವದು.

ಊರ ಹಿರಿಯರು ಮಾಡಬೇಕಾದ ಕೆಲಸವೊಂದಿದೆ. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುವದು. ಕಲಸಿದ ಮೇಲೆ ಕೆಲವೇ ತಾಸುಗಳಲ್ಲಿ ಅದು ಕೆಡುವದು. ನಾಲ್ಕು ಹೇಂಟೆಯ ಬಡ ಹೆಣ್ಣುಮಗಳು ತಾನೊಬ್ಬಳೇ ಸೀಸೆಯನ್ನು ತರಿಸಲಾರಳು. ಹಿರಿಯರು ಪಶುವೈದ್ಯರೊಡನೆ ಮಾತಾಡಿ ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆ ಡಂಗುರ ಸಾರಿಸಿದರೆ, ಬೆಳಗಾಗುವ ಮೊದಲು, ಕೋಳಿಗಳು ಗೂಡಿನಲ್ಲಿರುವಾಗಲೇ ಇಡೀ ಊರಿನ ಕೆಲಸ ಮುಗಿಯುವದು.